ಹಳಿ ಹಾಸಿದವರು

ಕೆದಂಬಾಡಿಯ ನಮ್ಮ ಮನೆಯಂಗಳಕ್ಕೆ ರೈಲು ಕಾಣಿಸುವುದಿಲ್ಲ. ಆದರೂ ಮೊಮ್ಮಗನಿಗೆ ರೈಲಿನ ಹುಚ್ಚು. ಅವನ ಹಟಕ್ಕೆ ಸೋತು, ಕಳೆದ ರಜೆಯಲ್ಲಿ ಕಬಕ ಪುತ್ತೂರಿನಿಂದ ರಾತ್ರಿಯ ಗಾಡಿಯಲ್ಲಿ ಮೈಸೂರಿಗೆ ಹೊರಟೆ. ಅಲ್ಲಿ ನಿಲ್ದಾಣದ ಸಮೀಪದಲ್ಲೇ, ಕೃಷ್ಣರಾಜಸಾಗರದ ರಸ್ತೆಯಲ್ಲಿ, ರೈಲ್ವೆ ವಸ್ತುಸಂಗ್ರಹಾಲಯವಿದೆ. ದೆಹಲಿಯಲ್ಲಿ 1977ರಲ್ಲಿ ಇಂಥದೊಂದು ಆರಂಭವಾದ ಮೇಲೆ, 1979ರಲ್ಲಿ ಸ್ಥಾಪಿತವಾದುದು ಇದು.

ಬಯಲಿನಲ್ಲಿ ಹಳೆಯ ಉಗಿಯಂತ್ರಗಳು ತಣ್ಣಗೆ ನಿಂತಿವೆ. ರಸ್ತೆಗೆಂದು ತಯಾರಾಗಿ, ಆಮೇಲೆ ಹಳಿಯ ಮೇಲೆ ಓಡಿದ ಆಸ್ಟಿನ್ ಮೋಟಾರೊಂದಿದೆ. ಎಲ್ಲರೂ ಮುತ್ತುವುದು ಮಾತ್ರ ಮಹಾರಾಣಿಯವರ ಸಲೂನು ಗಾಡಿಯನ್ನು. 1899ರದು, ಅಡಿಗೆಮನೆ, ಊಟದ ಕೋಣೆ, ಶೌಚಗೃಹ ಎಲ್ಲವೂ ಉಂಟು.

“ಅಜ್ಜ, ಈ ಹಳಿ ಎಂತ ಇಷ್ಟು ಸಪುರ?” ಎಂದು ಹುಡುಗ ಕೇಳಿದ.

ಒಳ್ಳೆಯ ಪ್ರಶ್ನೆಯೇ. ಈಗ ಪುತ್ತೂರಿನಲ್ಲಿ ಅವನು ಕಾಣುವ ಹಳಿಗಳ ನಡುವಣ ಅಂತರ 1,676 ಮಿಲ್ಲಿಮೀಟರು. ಇವು ಒಂದೇ ಮೀಟರಿನವು. ಖರ್ಚು ಕಡಮೆಯೆಂದು ಅಂದಿನ ಸರಕಾರ ಒಪ್ಪಿದ ಅಳತೆಯದು. ಬೆಂಗಳೂರಿನಿಂದ ಮೈಸೂರಿಗೆ 1882ರಲ್ಲಿ ಬಂದ ಹಾದಿಯೂ ಅದೇ ಅಳತೆಯದು. ಆ ಹಾದಿಗೆ ಮಣ್ಣು ಹೊತ್ತವರಲ್ಲಿ ಬಹುಮಂದಿ ಧಾತು-ಈಶ್ವರ ಸಂವತ್ಸರಗಳ, ಎಂದರೆ 1876ರಿಂದ 78ರವರೆಗಿನ, ಬರಗಾಲದಲ್ಲಿ ಕೂಳಿಗಾಗಿ ಬಂದವರು. 1871ರ ಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೆ ಇಳಿದಿತ್ತು. ಅಷ್ಟು ಜನ ಅಳಿದ ಕಾಲದಲ್ಲಿ, ಬದುಕಲೆಂದು ಬುಟ್ಟಿ ಹೊತ್ತವರ ಹಾದಿಯದು. ಮಹಾರಾಣಿಯವರ ಗಾಡಿ ಉಳಿಯಿತು. ಆ ಬುಟ್ಟಿ ಹೊತ್ತವರ ಹೆಸರು ಯಾರಿಗೆ ಗೊತ್ತು?

ಹೀಗೆ ಹೇಳುತ್ತಿದ್ದಾಗ ನನಗೆ ನಮ್ಮದೇ ಹಾದಿಯ ನೆನಪಾಯಿತು. ಮೈಸೂರಿನಲ್ಲಿ ಹಳೆಯ ಗಾಡಿಗಳು ವಿಶ್ರಾಂತಿಗೆ ಬಂದ 1979ರಲ್ಲೇ, ಪುತ್ತೂರಿನ ಮೇಲಿನ ಹಾಸನ–ಮಂಗಳೂರು ಮಾರ್ಗ ಪೂರ್ಣವಾಯಿತು. ಅದೂ ಮೀಟರು ಹಳಿಯೇ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಸುಮಾರು 55 ಕಿಲೋಮೀಟರು ಘಟ್ಟದಲ್ಲಿ 57 ಸುರಂಗಗಳು! ಇಪ್ಪತ್ತು ವರ್ಷವೂ ಬಾಳದೆ ಆ ಹಳಿಯನ್ನು ಕಿತ್ತು ಅಗಲ ಮಾಡಲಾಯಿತು. ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಹಳಿ ಬದಲಾಯಿತು, ಕೊರೆದ ಸುರಂಗಗಳು ಅವೇ.

ನನ್ನ ಭಾವ ಆ ಘಟ್ಟದಲ್ಲಿ ಕಲ್ಲು ಹೊತ್ತವರು. ಜಿಗಣೆಗಳ ಕಾಟವನ್ನೂ ಮದ್ದು ಸಿಡಿಸಿದ ಮೇಲಿನ ಹೊಗೆಯನ್ನೂ ಎಷ್ಟೋ ಸಲ ಹೇಳಿದ್ದರು. ಮಳೆಗಾಲದ ಹರಟೆಯೆಂದು ಕೇಳಿ ಬಿಟ್ಟಿದ್ದೆ. ಊರಿಗೆ ಮರಳಿದವನು ಮರುದಿನವೇ ಅವರ ಮನೆಗೆ ಹೋದೆ. ಮೊಮ್ಮಗನ ಕೈಯಲ್ಲಿ ನೋಟುಪುಸ್ತಕವಿತ್ತು. “ಅದನ್ನೆಲ್ಲ ಬರೆದು ಏನು ಮಾಡುತ್ತೀರಿ ಭಾವಾ?” ಎಂದು ನಕ್ಕರು. ಆದರೂ ಜೊತೆಗೆ ದುಡಿದವರನ್ನು ಒಬ್ಬೊಬ್ಬರನ್ನಾಗಿ ನೆನೆಯತೊಡಗಿದರು. ಆ ಸಂಜೆ ಹನ್ನೊಂದು ಹೆಸರುಗಳು ಸಿಕ್ಕಿದುವು. ಹನ್ನೆರಡನೆಯವನ ಮುಖ ಕಣ್ಣಿಗೆ ಕಟ್ಟುತ್ತದೆ, ಹೆಸರು ಮಾತ್ರ ಬಾಯಿಗೆ ಬಾರದು ಎಂದರು. ಹುಡುಗ ಅವನಿಗಾಗಿ ಒಂದು ಗೆರೆ ಖಾಲಿ ಬಿಟ್ಟಿದ್ದಾನೆ.