ರಮಾಬಾಯಿ ಮನಿ

ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಒಂದು ಮಧ್ಯಾಹ್ನ ಹತ್ತೊಂಬತ್ತನೆಯ ಶತಮಾನದ ವಲಸೆಯ ಪಾಠ ಹೇಳುತ್ತಿದ್ದೆ. ಲಿವರ್‌ಪೂಲ್ ಬಂದರಿನಲ್ಲಿ ಉಗಿಹಡಗು ಹತ್ತಿ ಅಮೆರಿಕೆಗೆ ಹೋದ ಲಕ್ಷಾಂತರ ಬಡವರು, ಹಡಗಿನ ಕೆಳಅಂತಸ್ತಿನಲ್ಲಿ ಒಂದರ ಮೇಲೊಂದು ಹಲಗೆ ಮಂಚಗಳು, ಗಾಳಿ ಬೆಳಕಿಲ್ಲದ ದಿನಗಳು. ಖಾನಾಪುರದಿಂದ ದಿನಾಲೂ ಬಸ್ಸಿಗೆ ಬರುವ ಹುಡುಗಿಯೊಬ್ಬಳು ಹಿಂದಿನ ಬೆಂಚಿನಿಂದ ಎದ್ದು ನಿಂತಳು.

"ಅಕ್ಕೋರ, ಆ ಹಡಗಿನ್ಯಾಗ ನಮ್ಮ ಕಡಿ ಹೆಣ್ಮಗಳು ಒಬ್ಬಾಕೀನೂ ಹೋಗಿಲ್ಲೇನ್ರಿ?"

"ನೋಡಿ ಹೇಳ್ತೀನಿ, ಕೂಡು" ಎಂದೆ. ಇಪ್ಪತ್ತೆಂಟು ವರ್ಷ ಇತಿಹಾಸ ಕಲಿಸಿದವಳಿಗೆ ಉತ್ತರ ಗೊತ್ತಿರಲಿಲ್ಲ.

ನಮ್ಮ ಬೆಳಗಾವಿಯಲ್ಲಿ ಕನ್ನಡ, ಮರಾಠಿ ಎರಡೂ ಓಣಿಯ ಮಾತು. ಆ ಸಂಜೆ ಪಕ್ಕದ ಮನೆಯ ಕಾಕೂಗೆ ಈ ಪ್ರಶ್ನೆ ಹೇಳಿದೆ. ಅವರು ಸೋಸುತ್ತಿದ್ದ ಮೆಂತೆಸೊಪ್ಪಿನಿಂದ ತಲೆ ಎತ್ತದೆಯೇ "ಆನಂದೀಬಾಯಿ ಜೋಶಿ" ಎಂದರು. ಹೌದಲ್ಲ! ಕಲ್ಯಾಣದ ಹುಡುಗಿ. 1883ರ ಏಪ್ರಿಲ್‌ನಲ್ಲಿ ಕಲಕತ್ತೆಯಿಂದ ಹಡಗು ಹತ್ತಿದಾಗ ಹದಿನೆಂಟು ವರ್ಷ. ಗಂಡ ಜೊತೆಗಿರಲಿಲ್ಲ. ಜೂನ್‌ನಲ್ಲಿ ನ್ಯೂಯಾರ್ಕ್ ಮುಟ್ಟಿ, ಫಿಲಡೆಲ್ಫಿಯಾದ ಹೆಣ್ಣುಮಕ್ಕಳ ವೈದ್ಯಕೀಯ ಕಾಲೇಜು ಸೇರಿ, 1886ರ ಮಾರ್ಚ್ 11ರಂದು ಡಾಕ್ಟರ್ ಆದಳು. ಮರುವರ್ಷ ಫೆಬ್ರುವರಿಯಲ್ಲಿ ಪುಣೆಯಲ್ಲಿ ಕ್ಷಯದಿಂದ ತೀರಿಕೊಂಡಳು. ಇಪ್ಪತ್ತೆರಡು ತುಂಬಿರಲಿಲ್ಲ.

ಕಾಕೂ ಕೊಟ್ಟ ಮರಾಠಿ ಪುಸ್ತಕವನ್ನು ಓದುತ್ತಿದ್ದಾಗ ಒಂದು ಸಾಲಿನ ಹತ್ತಿರ ನನ್ನ ಬೆರಳು ನಿಂತಿತು. ಆ ಪದವಿ ಸಮಾರಂಭ ನೋಡಲೆಂದೇ ಇಂಗ್ಲೆಂಡಿನಿಂದ ಅಟ್ಲಾಂಟಿಕ್ ದಾಟಿ ಬಂದ ದೂರದ ಬಂಧು ಒಬ್ಬಳಿದ್ದಳು, ಪಂಡಿತಾ ರಮಾಬಾಯಿ. ಆಕೆ ಹುಟ್ಟಿದ್ದು 1858ರಲ್ಲಿ, ತುಂಗೆ ಭದ್ರೆಯರು ಹುಟ್ಟುವ ನಮ್ಮ ಗಂಗಾಮೂಲದ ಕಾಡಿನಲ್ಲಿ.

ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದ ಕಡೆಯವರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದೇ ದೊಡ್ಡ ಅಪರಾಧವಾಗಿ, ಊರವರ ವಿರೋಧಕ್ಕೆ ಬೇಸತ್ತು ಕಾಡಿನಲ್ಲಿ ಮನೆ ಕಟ್ಟಿದರು. ಕೈಯಲ್ಲಿದ್ದ ಹಣ ಕರಗಿದ ಮೇಲೆ ಸಂಸಾರ ತೀರ್ಥಯಾತ್ರೆ ಹೊರಟಿತು. ಆರು ತಿಂಗಳ ರಮೆಯನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿ ಬೆಟ್ಟ ಇಳಿಸಿದರಂತೆ. ಆಕೆಯ ಮೊದಲ ಪ್ರಯಾಣ ಅದು. ಮುಂದೆ ನಡೆದದ್ದು ಸಾವಿರಾರು ಮೈಲಿ. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹೋದರು. ಉಳಿದ ಅಣ್ಣ ತಂಗಿ ಪುರಾಣ ಹೇಳುತ್ತ 1878ರಲ್ಲಿ ಕಲಕತ್ತೆ ಸೇರಿದಾಗ ಅಲ್ಲಿಯ ವಿದ್ವಾಂಸರು ಇಪ್ಪತ್ತರ ಹುಡುಗಿಗೆ "ಪಂಡಿತಾ", "ಸರಸ್ವತಿ" ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಂಗಾಳದ ವಕೀಲರೊಬ್ಬರನ್ನು, ಜಾತಿ ಬಿಟ್ಟು, ಮದುವೆಯಾದಳು. 1882ರಲ್ಲಿ ಅವರೂ ಹೋದರು. ಕೈಯಲ್ಲಿ ಉಳಿದದ್ದು ಹತ್ತು ತಿಂಗಳ ಮಗಳು ಮನೋರಮಾ.

ಇಂಥ ಹೆಣ್ಣುಮಗಳು ಡಾಕ್ಟರಿಕೆ ಓದಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದಳು. ಕಿವಿ ಮಂದವಾಗಿದ್ದರಿಂದ ಆ ಓದು ಕೈಗೂಡಲಿಲ್ಲ. ಅಲ್ಲಿ ಕ್ರೈಸ್ತಳಾದಳು, ಚೆಲ್ಟನ್‌ಹ್ಯಾಮ್‌ನ ಕಾಲೇಜಿನಲ್ಲಿ ಓದಿದಳು, ಕಲಿಸಿದಳು. 1886ರ ಫೆಬ್ರುವರಿಯಲ್ಲಿ ಐದು ತುಂಬದ ಮಗಳ ಕೈ ಹಿಡಿದು ಲಿವರ್‌ಪೂಲಿನಲ್ಲಿ "ಬ್ರಿಟಿಷ್ ಪ್ರಿನ್ಸೆಸ್" ಎಂಬ ಉಗಿಹಡಗು ಹತ್ತಿದಳು. ಅದು ವಲಸಿಗರು ಫಿಲಡೆಲ್ಫಿಯಾಕ್ಕೆ ಹೋಗುತ್ತಿದ್ದ ದಾರಿ. ಚಳಿಗಾಲದ ಅಟ್ಲಾಂಟಿಕ್ ಎಂದರೆ ಗುಡ್ಡದಂಥ ತೆರೆಗಳು. ಕೆಲವು ತಿಂಗಳಿಗೆಂದು ಹೋದವಳು ಸುಮಾರು ಮೂರು ವರ್ಷ ಉಳಿದು ಊರೂರು ತಿರುಗಿ ಭಾಷಣ ಮಾಡಿದಳು. 1887ರಲ್ಲಿ ಮೇಲುಜಾತಿಯ ಹಿಂದೂ ಹೆಂಗಸಿನ ಪಾಡನ್ನು ಇಂಗ್ಲಿಷಿನಲ್ಲಿ ಬರೆದು, ಆ ಪುಸ್ತಕದಿಂದ ಹಣ ಕೂಡಿಸಿದಳು. ಮರಳುವಾಗ ಪೆಸಿಫಿಕ್ ದಾಟಿ ಬಂದಳು. ಬೆತ್ತದ ಬುಟ್ಟಿಯಲ್ಲಿ ಹೊರಟ ಕೂಸು ಭೂಮಿ ಸುತ್ತಿ ಬಂದಿತ್ತು! 1889ರ ಮಾರ್ಚ್ 11ರಂದು, ಆನಂದೀಬಾಯಿ ಪದವಿ ಪಡೆದು ಸರಿಯಾಗಿ ಮೂರು ವರ್ಷಕ್ಕೆ, ಮುಂಬಯಿಯಲ್ಲಿ ವಿಧವೆಯರಿಗಾಗಿ "ಶಾರದಾ ಸದನ" ತೆರೆದಳು. ಅದು ಪುಣೆಗೆ, ಮುಂದೆ ಪುಣೆ ಜಿಲ್ಲೆಯ ಕೇಡಗಾವಿಗೆ ಹೋಯಿತು.

ಇಷ್ಟು ಓದಿ ಪುಸ್ತಕ ಮುಚ್ಚಿದೆ. ಆಗ, ಎಷ್ಟೋ ವರ್ಷಗಳಿಂದ ಮರೆತಿದ್ದ ಒಂದು ಮಾತು ಕಿವಿಯಲ್ಲಿ ಬಂದು ಕೂತಿತು.

ಖಾನಾಪುರದ ನಮ್ಮ ಮನೆಯಲ್ಲಿ ಅಜ್ಜನ ಅಕ್ಕ ಒಬ್ಬರಿದ್ದರು. ನಾವು ಅವರನ್ನು ದೊಡ್ಡಜ್ಜಿ ಎನ್ನುತ್ತಿದ್ದೆವು. ಹನ್ನೆರಡನೆಯ ವರ್ಷಕ್ಕೆ ವಿಧವೆ. ಬೋಳಿಸಿದ ತಲೆಯ ಮೇಲೆ ಕೆಂಪು ಸೀರೆಯ ಸೆರಗು, ಒಪ್ಪೊತ್ತಿನ ಊಟ. ಮಳೆಗಾಲದಲ್ಲಿ ಹಸಿ ಕಟ್ಟಿಗೆಯ ಒಲೆ ಊದುತ್ತ ಕೂತಾಗ ತಮ್ಮಷ್ಟಕ್ಕೆ ಅನ್ನುತ್ತಿದ್ದರು, "ರಮಾಬಾಯಿ ಮನಿಗೆ ಹೋಗಬೇಕಾಗಿತ್ತು ನಾ." ರಮಾಬಾಯಿ ಎಂದರೆ ಯಾರೋ ನೆಂಟರು, ಹಬ್ಬಕ್ಕೆ ಕರೆದಿದ್ದರು, ಇವರಿಗೆ ಹೋಗಲಾಗಲಿಲ್ಲ ಎಂದೇ ನಾನು ತಿಳಿದಿದ್ದೆ. ನಾನು ಎಂಟನೆಯ ವರ್ಷದವಳಿದ್ದಾಗ ಅವರು ಹೋದರು.

ಮರುದಿನವೇ ಖಾನಾಪುರಕ್ಕೆ ಹೋಗಿ ಅವ್ವನನ್ನು ಕೇಳಿದೆ. ಎಂಬತ್ತು ದಾಟಿದ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅವರ ಸ್ವಾದರಮಾವ ಕಳಸ್ತೀನಿ ಅಂದಿದ್ರಂತ. ಗಾಡಿ ಖರ್ಚಿಗೆ ರೊಕ್ಕಾನೂ ಕೊಟ್ಟಿದ್ರಂತ. ಮನ್ಯಾಗ ಹಿರೇರು ಬ್ಯಾಡ ಅಂದ್ರು. ಅಲ್ಲಿ ಹೋದ್ರ ಜಾತಿ ಕೆಡ್ತದ ಅಂತ ಹೆದರಿಕಿ."

ಆ ಹೆದರಿಕೆ ಹುಸಿಯೇನೂ ಅಲ್ಲ. ಶಾರದಾ ಸದನದ ಹುಡುಗಿಯರು ಕ್ರೈಸ್ತ ಪ್ರಾರ್ಥನೆಗೆ ಕೂಡುತ್ತಾರೆಂದು 1893ರ ಹೊತ್ತಿಗೆ ಪುಣೆಯಲ್ಲಿ ದೊಡ್ಡ ಗದ್ದಲವಾಗಿ, ಅನೇಕರು ಮಕ್ಕಳನ್ನು ಬಿಡಿಸಿಕೊಂಡು ಹೋಗಿದ್ದರು. ಕೇಡಗಾವಿಯ ಆಶ್ರಮವಂತೂ ಕ್ರೈಸ್ತರದೇ. ಆದರೆ ಅದೇ ಶಾರದಾ ಸದನದಲ್ಲಿ ಓದಿದ ಬಾಲವಿಧವೆ ಗೋದೂಬಾಯಿಯನ್ನು ಧೋಂಡೋ ಕೇಶವ ಕರ್ವೆಯವರು 1893ರಲ್ಲಿ ಮದುವೆಯಾದದ್ದೂ, 1896ರಲ್ಲಿ ವಿಧವೆಯರಿಗಾಗಿ ತಾವೇ ಇನ್ನೊಂದು ಆಶ್ರಮ ತೆರೆದದ್ದೂ ಅಷ್ಟೇ ನಿಜ. ಅಲ್ಲಿ ಜಾತಿ ಕೆಡುವ ಭಯವಿರಲಿಲ್ಲ. ದೊಡ್ಡಜ್ಜಿಯನ್ನು ಅಲ್ಲಿಗೂ ಯಾರೂ ಕಳಿಸಲಿಲ್ಲ. ಜಾತಿಯೊಂದೇ ಕಾರಣವಾಗಿತ್ತೇ? ಪುಕ್ಕಟೆ ದುಡಿಯುವ ಎರಡು ಕೈ ಮನೆ ಬಿಟ್ಟು ಹೋಗುತ್ತಿದ್ದವಲ್ಲ! ಈ ಮಾತನ್ನು ನಾನು ಆಡಲಿಲ್ಲ. ಅವ್ವನೇ ಆಡಿದಳು.

"ಆ ರೊಕ್ಕ ಏನಾತು?"

"ಅಟ್ಟದ ಮ್ಯಾಲಿನ ದೊಡ್ಡ ಹಂಡೆ ಅದ ನೋಡು. ಅದನ್ನ ತಂದ್ರಂತ."

ಆ ಹಂಡೆಯ ನೀರಿನಲ್ಲಿ ನಾವೆಲ್ಲ ದೀಪಾವಳಿಯ ಎಣ್ಣೆನೀರು ಹಾಕಿಕೊಂಡವರು. ಖಾನಾಪುರದಿಂದ ರೈಲು ಹತ್ತಿದರೆ ಮಿರಜ, ಪುಣೆ, ಅಲ್ಲಿಂದ ಕೇಡಗಾವಿ. ಒಂದು ಹಗಲು, ಒಂದು ರಾತ್ರಿ. ರಮಾಬಾಯಿ ಅಟ್ಲಾಂಟಿಕ್ ದಾಟಿದಳು; ನಮ್ಮ ದೊಡ್ಡಜ್ಜಿಗೆ ಮಲಪ್ರಭೆ ದಾಟಿ ಸ್ಟೇಷನ್ನಿಗೆ ಹೋಗುವುದಾಗಲಿಲ್ಲ.

ಸೋಮವಾರ ತರಗತಿಯಲ್ಲಿ ರಮಾಬಾಯಿಯ ಕತೆ ಹೇಳಿದೆ. ದೊಡ್ಡಜ್ಜಿಯದನ್ನೂ ಹೇಳಿದೆ. ಹಂಡೆಯ ಮಾತು ಹೇಳುವಾಗ ಗಂಟಲು ಕಟ್ಟಿತು. ಖಾನಾಪುರದ ಹುಡುಗಿ ಮತ್ತೆ ಎದ್ದಳು.

"ಅಕ್ಕೋರ, ಇಂಗ್ಲೆಂಡಿಗೆ ಹೋಗಾಕ ರಮಾಬಾಯಿಗೆ ತಿಕೀಟಿನ ರೊಕ್ಕ ಯಾರು ಕೊಟ್ರು?"

"ಯಾರ ಮುಂದೂ ಕೈ ಒಡ್ಡಲಿಲ್ಲವ್ವ. 'ಸ್ತ್ರೀ ಧರ್ಮ ನೀತಿ' ಅಂತ ಪುಸ್ತಕ ಬರದು, ಅದನ್ನ ಮಾರಿ ಕೂಡಿಸಿಕೊಂಡ್ಲು" ಎಂದೆ.

ಹುಡುಗಿ ಕೂತು, ಪಟ್ಟಿಯಲ್ಲಿ ಅದನ್ನು ಬರೆದುಕೊಂಡಳು. ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ ಎಂದು ನಾನು ಹೇಳಲಿಲ್ಲ.