ಪ್ಲಾಸ್ಟಿಕ್ ಎರೆ: ಮನೆಯಲ್ಲಿ ಅಚ್ಚು ಹೊಯ್ಯುವ ಕಸುಬಿನ ಚರಿತ್ರೆ

ಪ್ಲಾಸ್ಟಿಕ್ ಎರೆ ಎಂದರೆ ಎರೆಹುಳು, ಕಪ್ಪೆ, ಸಣ್ಣ ಮೀನು, ಸಿಗಡಿ ಮುಂತಾದವುಗಳ ರೂಪದಲ್ಲಿ ಮೆದು ಪ್ಲಾಸ್ಟಿಕ್ಕಿನಿಂದ ಮಾಡಿ ಗಾಳಕ್ಕೆ ಸಿಕ್ಕಿಸುವ ಹುಸಿ ಎರೆ. ಪ್ಲಾಸ್ಟಿಸಾಲ್ ಎಂಬ ಹಾಲಿನಂಥ ದ್ರವವನ್ನು ಕಾಯಿಸಿ, ಅಚ್ಚಿಗೆ ಹೊಯ್ದು, ಆರಿದ ಮೇಲೆ ಬಿಡಿಸಿಕೊಂಡರೆ ಎರೆ ಸಿದ್ಧ. ಇಂದು ಇದು ದೊಡ್ಡ ಕಾರ್ಖಾನೆಗಳ ಸರಕು. ಹುಟ್ಟಿದ್ದು ಮಾತ್ರ ಅಮೆರಿಕದ ಒಂದು ಅಡುಗೆಮನೆಯಲ್ಲಿ. ಮನೆಯಲ್ಲೇ ಹೊಯ್ದುಕೊಳ್ಳುವ ಹವ್ಯಾಸಿಗಳು ಈಗಲೂ ಜಗತ್ತಿನ ಎಲ್ಲೆಡೆ ಇದ್ದಾರೆ. ಇದಕ್ಕೆ ಬೇಕಾದ ಎರಡು ವಿದ್ಯೆಗಳು, ಅಂದರೆ ಮೀನಿನ ರುಚಿ ತಿಳಿದು ಎರೆ ಕಟ್ಟುವುದು ಮತ್ತು ಅಚ್ಚಿನಲ್ಲಿ ಎರಕ ಹೊಯ್ಯುವುದು, ಕನ್ನಡನಾಡಿಗೆ ಬಹು ಹಿಂದಿನಿಂದ ಗೊತ್ತಿದ್ದವು. ಅವೆರಡೂ ಒಂದಾಗಲು ಇಪ್ಪತ್ತನೆಯ ಶತಮಾನದ ಒಂದು ರಾಸಾಯನಿಕ ಬರಬೇಕಾಯಿತು.

ಎರೆ ಕಟ್ಟುವ ವಿದ್ಯೆಗೆ ಉದಾಹರಣೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕನ್ನು ನೋಡಬಹುದು. ಅಲ್ಲಿನ ದಿಬ್ಬೂರಹಳ್ಳಿಯ ಸುತ್ತಮುತ್ತ ಕೆರೆಗಳದೇ ಸೀಮೆ. ನಂದಿಬೆಟ್ಟದ ಸಾಲಿನಿಂದ ಇಳಿಯುವ ಪೆನ್ನಾರ್, ಚಿತ್ರಾವತಿಗಳು ಮಳೆಗಾಲ ಕಳೆದರೆ ಮರಳಿನ ಹಾದಿಗಳಾಗುತ್ತವೆ. ಮೀನು ಎಂದರೆ ಇಲ್ಲಿ ಕೆರೆಮೀನು. ಕಟ್ಲಾ, ರೋಹು, ಸಾಮಾನ್ಯ ಗೆಂಡೆಗಳನ್ನು ಮರಿ ಬಿಟ್ಟು ಸಾಕುತ್ತಾರೆ. ಕೊರಮೀನು, ಜಿಲೇಬಿ, ಕೀಜಲುಗಳು ತಾವಾಗಿಯೇ ಬೆಳೆಯುತ್ತವೆ. ಗಾಳ ಹಾಕುವವರ ಸಾಮಗ್ರಿಗೆ ಹೆಚ್ಚು ಖರ್ಚಿಲ್ಲ. ಬಿದಿರ ಕಡ್ಡಿ, ದಾರ, ಒಂದು ಬೆಂಡು, ತಿಪ್ಪೆಯ ಮಗ್ಗುಲಲ್ಲಿ ಕೆದಕಿ ತೆಗೆದ ಎರೆಹುಳು. ಗೆಂಡೆಗಾದರೆ ರಾಗಿಹಿಟ್ಟಿನ ಉಂಡೆ, ಕೊರಮೀನಿಗಾದರೆ ಕಪ್ಪೆ. ಶಿಡ್ಲಘಟ್ಟ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆಯಾದ್ದರಿಂದ ಇನ್ನೊಂದು ವಸ್ತುವೂ ಇಲ್ಲಿ ಹೇರಳ: ನೂಲು ಬಿಚ್ಚಿದ ಮೇಲೆ ಉಳಿಯುವ ಪ್ಯೂಪಾ. ಎಣ್ಣೆ, ಪ್ರೋಟೀನು ತುಂಬಿದ ಇದು ಕೋಳಿಗೂ ಮೀನಿಗೂ ಮೇವಾಗುತ್ತದೆ. ಜಪಾನಿನಲ್ಲಿ ಇದನ್ನೇ ಪುಡಿ ಮಾಡಿ ಎರೆಯ ಉಂಡೆಗೆ ಬೆರೆಸುತ್ತಾರೆ, ಪೊಟ್ಟಣ ಕಟ್ಟಿ ಅಂಗಡಿಯಲ್ಲಿ ಮಾರುತ್ತಾರೆ. ವಾಸನೆ ಮೂಗಿಗೆ ಹಿಂಸೆ, ಮೀನಿಗೆ ಹಬ್ಬ.

ಎರೆಯ ಬಗ್ಗೆ ಕನ್ನಡನಾಡಿನಿಂದ ಬಂದ ಹಳೆಯ ಬರಹ ಬೀದರ್ ಜಿಲ್ಲೆಯ ಇಂದಿನ ಬಸವಕಲ್ಯಾಣದ ಅರಮನೆಯದು. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಮತ್ತೊಂದು ಹೆಸರು. ಐದು ವಿಂಶತಿ, ನೂರು ಅಧ್ಯಾಯಗಳ ಈ ಗ್ರಂಥದಲ್ಲಿ ರಾಜನೀತಿಯಿಂದ ಹಿಡಿದು ಅಡುಗೆ, ಸಂಗೀತ, ಆನೆ, ಕುದುರೆಗಳವರೆಗೆ ಎಲ್ಲವೂ ಇದೆ. ನಾಲ್ಕನೆಯ ವಿಂಶತಿಯ ‘ಮತ್ಸ್ಯವಿನೋದ’ ಇಡಿಯಾಗಿ ಗಾಳದ ಮೀನುಗಾರಿಕೆಗೆ ಮೀಸಲು. ಮೀನುಗಳ ಜಾತಿ, ಯಾವುದು ಹೊಳೆಯದು, ಯಾವುದು ಕಡಲಿನದು, ಯಾವುದಕ್ಕೆ ಹಿಟ್ಟಿನ ಉಂಡೆ, ಯಾವುದಕ್ಕೆ ಮಾಂಸ, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂದೆಲ್ಲ ಅಲ್ಲಿ ವಿವರಿಸಲಾಗಿದೆ. ಗಾಳ ಹಾಕುವ ಮೊದಲೇ ಅದೇ ಜಾಗದಲ್ಲಿ ಮೇವು ಚೆಲ್ಲಿ ಮೀನನ್ನು ರೂಢಿ ಮಾಡಿಸುವ ಉಪಾಯವೂ ಇದೆ. ಮೀನುತಜ್ಞ ಸುಂದರ್ ಲಾಲ್ ಹೋರಾ 1951ರಲ್ಲಿ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಅಧ್ಯಾಯವನ್ನು ವಿಜ್ಞಾನ ಲೋಕಕ್ಕೆ ಪರಿಚಯಿಸಿದರು.

ಅದೇ ಪುಸ್ತಕದ ಮೊದಲ ವಿಂಶತಿಯಲ್ಲಿ ಎರಕದ ವಿದ್ಯೆಯೂ ಇದೆ ಎಂಬುದನ್ನು ಗಾಳಗಾರರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಮೇಣದಲ್ಲಿ ಮೂರ್ತಿ ಮಾಡಿ, ಅದರ ಮೇಲೆ ಮಣ್ಣನ್ನು ಪದರ ಪದರವಾಗಿ ಮೆತ್ತಿ, ಒಣಗಿಸಿ, ಕಾಯಿಸಿ ಮೇಣವನ್ನು ಹರಿಸಿ, ಆ ಟೊಳ್ಳಿಗೆ ಕರಗಿದ ಲೋಹ ಹೊಯ್ಯುವ ಮಧೂಚ್ಛಿಷ್ಟ ವಿಧಾನ ಅದು. ಮೇಣದ ತೂಕಕ್ಕೆ ಎಷ್ಟು ಪಟ್ಟು ಲೋಹ ಬೇಕೆಂಬ ಲೆಕ್ಕವನ್ನೂ ರಾಜ ಬಿಟ್ಟಿಲ್ಲ. ಹೀಗೆ ಎರೆಯೂ ಅಚ್ಚೂ ಒಂದೇ ಗ್ರಂಥದ ಎರಡು ತುದಿಗಳಲ್ಲಿ ಕುಳಿತಿದ್ದರೂ ಒಂದನ್ನೊಂದು ಮುಟ್ಟಲಿಲ್ಲ. ಕಾರಣ ಸರಳ. ಕರಗಿಸಿ ಹೊಯ್ಯಬಹುದಾದ ಅಂದಿನ ವಸ್ತುಗಳು ಲೋಹ, ಮೇಣ, ಅರಗು. ಆರಿದ ಮೇಲೆ ಇವುಗಳಲ್ಲಿ ಒಂದೂ ಹುಳುವಿನ ಹಾಗೆ ಬಳುಕುವುದಿಲ್ಲ. ಕಚ್ಚಿದ ಮೀನು ಗಟ್ಟಿ ಎನಿಸಿದ್ದನ್ನು ಕ್ಷಣದಲ್ಲಿ ಉಗುಳಿಬಿಡುತ್ತದೆ.

ಪಶ್ಚಿಮದಲ್ಲಿ ಹುಸಿ ಎರೆಯ ಹಾದಿ ಬೇರೆ. ಅಲ್ಲಿ ಮೀನಿನ ಬಾಯಿಯನ್ನು ಮರೆತು ಕಣ್ಣನ್ನು ಹಿಡಿದರು. ಹಕ್ಕಿಯ ಗರಿ ಸುತ್ತಿದ ನೊಣ, ಹೊಳೆಯುವ ಚಮಚ, ಬಣ್ಣ ಬಳಿದ ಮರದ ತುಂಡು ಬಂದವು. ಅಮೆರಿಕದ ಜೂಲಿಯೊ ಬ್ಯುಯೆಲ್ ಚಮಚದ ಎರೆಗೆ 1852ರಲ್ಲಿ ಪೇಟೆಂಟ್ ಪಡೆದ. ಮಿಷಿಗನ್ನಿನ ಜೇಮ್ಸ್ ಹೆಡನ್ ಮರದ ಕಪ್ಪೆ ಕೆತ್ತಿದ. ಫಿನ್ಲೆಂಡಿನ ಲೌರಿ ರಪಾಲ 1936ರಲ್ಲಿ ಗಾಯಗೊಂಡ ಮೀನಿನಂತೆ ಓಲಾಡುವ ಎರೆಯನ್ನು ಕೆತ್ತಿದ. ಇವೆಲ್ಲ ಓಡಾಟದಿಂದ ಮೋಸ ಮಾಡುವ ಗಟ್ಟಿ ಎರೆಗಳು.

ಈ ಪದ್ಧತಿಯನ್ನು ಕರ್ನಾಟಕದ ನೀರಿಗೆ ತಂದವರು ಬ್ರಿಟಿಷ್ ಅಧಿಕಾರಿಗಳು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಮಹಶೀರ್ ಎಂಬ ಹೊಳೆಮೀನನ್ನು ಹಿಡಿಯಲು ಸತ್ತ ಸಣ್ಣ ಮೀನನ್ನು ನೀರಿನಲ್ಲಿ ತಿರುಗುವಂತೆ ಎಳೆಯುವ ತಂತ್ರದ ಬಗ್ಗೆ ಅದರಲ್ಲಿ ವಿಸ್ತಾರವಾಗಿ ಬರೆದಿದ್ದಾನೆ. ದಿಬ್ಬೂರಹಳ್ಳಿಯಂಥ ಬಯಲುಸೀಮೆಗೆ ಹೆಚ್ಚು ಹತ್ತಿರವಾದದ್ದು ಅವನ 1887ರ ‘ಟ್ಯಾಂಕ್ ಆ್ಯಂಗ್ಲಿಂಗ್ ಇನ್ ಇಂಡಿಯಾ’. ಕೆರೆಯ ಮೀನನ್ನು ಕೀಳೆಂದು ತಳ್ಳದೆ ಅದಕ್ಕೇ ಒಂದು ಪುಸ್ತಕ ಮೀಸಲಿಟ್ಟದ್ದು ಅವನ ದೊಡ್ಡತನ. ಆದರೆ ಕಾವೇರಿಯ ಮಹಶೀರ್ ಕೊನೆಗೆ ಒಲಿದದ್ದು ರಾಗಿಗೆ. 1977-78ರಲ್ಲಿ ಬಂದ ಮೂವರು ಬ್ರಿಟಿಷ್ ಗಾಳಗಾರರ ತಂಡಕ್ಕೂ, ಆಮೇಲೆ ಕಾವೇರಿ ದಡದ ವನ್ಯಧಾಮದಲ್ಲಿದ್ದ ಭೀಮೇಶ್ವರಿ, ಗಾಳಿಬೋರೆಗಳ ಶಿಬಿರಗಳಿಗೆ ಬಂದ ವಿದೇಶಿಯರಿಗೂ ಬೇಯಿಸಿದ ರಾಗಿಹಿಟ್ಟಿನ ಉಂಡೆಯೇ ನೆಚ್ಚಿನ ಎರೆಯಾಯಿತು. ವನ್ಯಧಾಮದೊಳಗಿನ ಆ ಗಾಳಗಾರಿಕೆ ಮುಂದೆ ಕಾನೂನಿನ ಕಾರಣಕ್ಕೆ ನಿಂತಿತು.

ಮೆದು ಎರೆಯ ಕಥೆ ಶುರುವಾಗುವುದು ಅಮೆರಿಕದ ಓಹಾಯೊ ಸಂಸ್ಥಾನದ ಆ್ಯಕ್ರನ್ ಊರಿನಲ್ಲಿ. ಟೈರಿನ ಕಾರ್ಖಾನೆಗಳ ಊರದು. ಅಲ್ಲಿನ ಬಿ.ಎಫ್. ಗುಡ್‌ರಿಚ್ ಕಂಪನಿಯಲ್ಲಿದ್ದ ವಾಲ್ಡೊ ಸೆಮನ್ 1926ರಲ್ಲಿ ಲೋಹಕ್ಕೆ ರಬ್ಬರ್ ಅಂಟಿಸುವ ಅಂಟನ್ನು ಹುಡುಕುತ್ತಿದ್ದ. ಯಾರಿಗೂ ಬೇಡವಾಗಿದ್ದ ಪಿವಿಸಿ ಎಂಬ ವಿನೈಲ್ ಪ್ಲಾಸ್ಟಿಕ್ಕನ್ನು ಹೆಚ್ಚಿನ ಕುದಿಬಿಂದುವಿನ ದ್ರಾವಕದಲ್ಲಿ ಕಾಯಿಸಿದಾಗ ಅಂಟು ಸಿಗಲಿಲ್ಲ, ಬಾಗುವ, ಪುಟಿಯುವ ಮುದ್ದೆ ಸಿಕ್ಕಿತು. ತಂತಿಯ ಹೊದಿಕೆ, ರೇನ್‌ಕೋಟು, ಮುಂದೆ ಬಾತ್‌ರೂಮಿನ ಪರದೆ ಎಲ್ಲವೂ ಈ ಮುದ್ದೆಯಿಂದಲೇ ಬಂದವು. ಅದೇ ಊರಿನ ನಿಕ್ ಕ್ರೀಮ್ ಮತ್ತು ಅವನ ಹೆಂಡತಿ ಕಾಸ್ಮಾ 1949ರಲ್ಲಿ ಮನೆಯ ಒಲೆಯ ಮೇಲೆ ವಿನೈಲ್, ಎಣ್ಣೆ, ಬಣ್ಣಗಳನ್ನು ಬೇಯಿಸಿ, ನಿಜವಾದ ಎರೆಹುಳುವಿನ ಅಚ್ಚಿಗೆ ಹೊಯ್ದು, ಬಳುಕುವ ಹುಳುವೊಂದನ್ನು ತಯಾರಿಸಿದರು. 1951ರ ಹೊತ್ತಿಗೆ ಡಾಲರಿಗೆ ಐದರಂತೆ ಅಂಚೆಯಲ್ಲಿ ಮಾರತೊಡಗಿದರು. ಮುಂದೆ ಕ್ರೀಮ್ ಕಂಪನಿ ಟೆಕ್ಸಸ್ಸಿನ ಟೈಲರ್ ಊರಿಗೆ ಹೋಯಿತು. ಮುಳುಗಿದ ಮರಗಳಿಂದ ತುಂಬಿದ ಅಲ್ಲಿನ ಜಲಾಶಯಗಳಲ್ಲಿ ಗಾಳದ ಮೊನೆ ಸಿಕ್ಕಿಕೊಳ್ಳದಂತೆ ಅದನ್ನು ಹುಳುವಿನ ಮೈಯೊಳಗೇ ಹುದುಗಿಸುವ ಉಪಾಯ ರೂಢಿಗೆ ಬಂತು. ಟೆಕ್ಸಸ್ ಕಟ್ಟು ಎಂದು ಜಗತ್ತೆಲ್ಲ ಕರೆಯುವುದು ಇದನ್ನೇ. ಮರದ ಎರೆಗೂ ಲೋಹದ ಎರೆಗೂ ಸಾಧ್ಯವಿಲ್ಲದ್ದು ಇದು. ಮೆದು ಪ್ಲಾಸ್ಟಿಕ್ ಗೆದ್ದದ್ದು ಹುಳುವನ್ನು ಹೋಲಿದ್ದಕ್ಕಿಂತ ಹೆಚ್ಚಾಗಿ ಮೊನೆಯನ್ನು ಬಚ್ಚಿಟ್ಟುಕೊಂಡದ್ದರಿಂದ ಎನ್ನಬಹುದು. 1970ರ ದಶಕದಲ್ಲಿ ಸುರುಳಿ ಬಾಲದ ಎರೆಗಳು ಬಂದು, ಎಳೆದಾಗ ತಾವೇ ಬಾಲ ಆಡಿಸತೊಡಗಿದವು.

ಕಾರ್ಖಾನೆ ದೊಡ್ಡದಾದರೂ ಅಡುಗೆಮನೆಯ ಮೂಲ ಅಳಿಯಲಿಲ್ಲ, ಏಕೆಂದರೆ ಈ ವಸ್ತುವನ್ನು ಹೊಯ್ಯಲು ಭಾರೀ ಯಂತ್ರ ಬೇಕಿಲ್ಲ. ಪ್ಲಾಸ್ಟಿಸಾಲ್ ಎಂದರೆ ಪಿವಿಸಿಯ ನುಣ್ಣನೆಯ ಪುಡಿ ಮೆದುಕಾರಕ ಎಣ್ಣೆಯಲ್ಲಿ ತೇಲುತ್ತಿರುವ ಮಿಶ್ರಣ. ಕಾಯಿಸುತ್ತ ಹೋದರೆ ಮೊದಲು ಗಂಜಿಯಂತೆ ಗಟ್ಟಿಯಾಗುತ್ತದೆ. ಹೊಸಬರು ಕೆಟ್ಟಿತೆಂದು ಕೈಬಿಡುವುದು ಇಲ್ಲೇ. ಸುಮಾರು 175 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಪುಡಿ ಎಣ್ಣೆಯನ್ನು ಪೂರ್ತಿ ಹೀರಿ ಬೆರೆತು, ಮುದ್ದೆ ತಿಳಿಯಾಗಿ ಮತ್ತೆ ಹರಿಯುತ್ತದೆ. ಬಣ್ಣ, ಮಿನುಗು ಪುಡಿಗಳನ್ನು ಸೇರಿಸುವುದು ಹೊಯ್ಯುವ ಮುನ್ನ. ಬೇಗ ಮುಳುಗಬೇಕಾದ ಎರೆಗೆ ಉಪ್ಪಿನ ಪುಡಿ ಬೆರೆಸುತ್ತಾರೆ. ಎಣ್ಣೆ ಹೆಚ್ಚಾದರೆ ಎರೆ ಮೆದು, ಕಡಿಮೆಯಾದರೆ ಬಿರುಸು. ಕೆಟ್ಟ ತುಂಡುಗಳನ್ನು ಮತ್ತೆ ಕರಗಿಸಬಹುದು, ಆದರೆ ಪ್ರತಿ ಸಲ ಕಾಯಿಸಿದಾಗಲೂ ಬಣ್ಣ ಹಳದಿಯತ್ತ ತಿರುಗುತ್ತದೆ.

ಅಚ್ಚಿನ ವಿಷಯಕ್ಕೆ ಬಂದರೆ, ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ದವರಿಗೆ ಹೇಳಿಕೊಡಬೇಕಾದದ್ದು ಕಡಿಮೆ. ಮರದ ಎರಡು ಹೋಳುಗಳನ್ನು ಜೋಡಿಸಿ ಬಿಗಿದು, ಪಾಕದ ಹದ ನೋಡಿ ಹೊಯ್ದು, ಆರುವವರೆಗೆ ತಾಳ್ಮೆಯಿಂದ ಕಾದು ಬಿಡಿಸುವ ಆ ಕ್ರಮವೇ ಇಲ್ಲೂ ಇದೆ. ಒಂದು ಮಾತ್ರ ತಲೆಕೆಳಗು. ಸಕ್ಕರೆಯ ಅಚ್ಚನ್ನು ನೀರಿನಲ್ಲಿ ನೆನೆಸುತ್ತಾರೆ, ಪ್ಲಾಸ್ಟಿಸಾಲ್ ಅಚ್ಚಿನಲ್ಲಿ ಹನಿ ನೀರೂ ಇರಕೂಡದು. 175 ಡಿಗ್ರಿಯ ದ್ರವ ತೇವಕ್ಕೆ ತಾಗಿದರೆ ಆವಿ ಸಿಡಿದು ಮುಖಕ್ಕೆ ಎರಚುತ್ತದೆ. ಅದು ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ, ಬಿಸಿ ಪಾಕದ ಹಾಗೆಯೇ. ಹವ್ಯಾಸಿಗಳ ಮೊದಲ ಅಚ್ಚು ಸಾಮಾನ್ಯವಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನದು. ಮಾದರಿ ಹುಳುವನ್ನು ಅದರಲ್ಲಿ ಅರ್ಧ ಹೂತು, ಗಟ್ಟಿಯಾದ ಮೇಲೆ ಪೂರ್ತಿ ಒಣಗಿಸಿ, ನೀರು ಬೆರೆಸಿದ ಬಿಳಿ ಅಂಟನ್ನು ಬಳಿದು ರಂಧ್ರ ಮುಚ್ಚುತ್ತಾರೆ. ಒಂದೇ ಹೋಳಿನ ತೆರೆದ ಅಚ್ಚಿನಲ್ಲಿ ಎರೆಯ ಒಂದು ಮಗ್ಗುಲು ಚಪ್ಪಟೆಯಾಗುತ್ತದೆ. ಮೀನು ಅದನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ, ಮಾಡಿದವನಿಗೇ ಸಮಾಧಾನವಿರುವುದಿಲ್ಲ. ಆಮೇಲೆ ಸಿಲಿಕೋನ್ ಅಚ್ಚು ಬಂತು. ಅದು ಬಾಗುವುದರಿಂದ ಕಾಲು, ಮೀಸೆಗಳಿರುವ ಸಿಗಡಿಯೂ ಮುರಿಯದೆ ಹೊರಬರುತ್ತದೆ. ಯಂತ್ರದಲ್ಲಿ ಕೊರೆದ ಅಲ್ಯೂಮಿನಿಯಂ ಅಚ್ಚಿಗೆ ದೊಡ್ಡ ಸಿರಿಂಜಿನಂಥ ಕೊಳವೆಯಿಂದ ಒತ್ತಿ ತುಂಬುವುದು ಈಚಿನ ಪದ್ಧತಿ. ಬಿಡಿಸಿದ ಎರೆಯನ್ನು ನೇರವಾಗಿಯೇ ಆರಿಸಬೇಕು, ಬಿಸಿಯಲ್ಲಿ ಬಾಗಿದರೆ ಆ ಡೊಂಕು ಹಾಗೇ ಉಳಿಯುತ್ತದೆ. ಇಟ್ಟ ಡಬ್ಬಿಯನ್ನೂ ನೋಡಿಕೊಳ್ಳಬೇಕು: ಮೆದುಕಾರಕ ಎಣ್ಣೆ ಹೊರಜಿನುಗಿ ಕೆಲವು ಬಗೆಯ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಳನ್ನೇ ಕರಗಿಸುತ್ತದೆ, ಒಂದರ ಬಣ್ಣ ಇನ್ನೊಂದಕ್ಕೆ ಹತ್ತುತ್ತದೆ.

ಈ ಕಸುಬು ಅಡುಗೆಮನೆಯಲ್ಲಿ ಹುಟ್ಟಿತೆಂಬ ಕಾರಣಕ್ಕೆ ಅಲ್ಲೇ ಮುಂದುವರಿಯಬೇಕಾಗಿಲ್ಲ. ಪಿವಿಸಿ ಸೀದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ತೇವದೊಂದಿಗೆ ಸೇರಿದರೆ ಅದು ಆಮ್ಲವೇ, ಕಣ್ಣು ಗಂಟಲುಗಳನ್ನು ಸುಡುತ್ತದೆ. ಗಾಳಿಯಾಡುವ ಜಾಗ, ಥರ್ಮಾಮೀಟರು, ಕನ್ನಡಕ, ಕೈಗವಸು ಇರಲೇಬೇಕು, ಕಾಯಿಸಿದ ಪಾತ್ರೆ ಮತ್ತೆ ಅಡುಗೆಗೆ ಹೋಗಕೂಡದು. ಹಿಂದೆಲ್ಲ ಬಳಸುತ್ತಿದ್ದ ಥ್ಯಾಲೇಟ್ ಎಣ್ಣೆಗಳನ್ನು ಹಲವು ದೇಶಗಳು ಮಕ್ಕಳ ಆಟಿಕೆಗಳಲ್ಲಿ ಮಿತಿಗೊಳಿಸಿದ ಮೇಲೆ ಎರೆ ತಯಾರಕರೂ ಬದಲಿ ಎಣ್ಣೆಗಳತ್ತ ಹೊರಳಿದ್ದಾರೆ. ಕಳಚಿ ನೀರಲ್ಲಿ ಉಳಿದ ಎರೆ ಕೊಳೆಯುವುದಿಲ್ಲ. ನುಂಗಿದ ಮೀನಿನ ಹೊಟ್ಟೆಯಲ್ಲಿ ಉಬ್ಬಿ ಕುಳಿತುಕೊಳ್ಳಬಹುದು. ಅಮೆರಿಕದ ಮೈನ್ ಸಂಸ್ಥಾನದಲ್ಲಿ ಇಂಥ ಎರೆಗಳನ್ನೇ ನಿಷೇಧಿಸುವ ಮಸೂದೆ 2013ರಲ್ಲಿ ಚರ್ಚೆಗೆ ಬಂದದ್ದು ಇದರಿಂದಲೇ.

ಚಿಕ್ಕಬಳ್ಳಾಪುರದ ಕೆರೆಗಳಲ್ಲಿ ಪ್ಲಾಸ್ಟಿಕ್ ಎರೆಗೆ ನಿಜವಾದ ಕೆಲಸವಿರುವುದು ಮುಖ್ಯವಾಗಿ ಒಂದೇ ಮೀನಿನ ಮೇಲೆ: ಕೊರಮೀನು. ಕಟ್ಲಾ, ರೋಹುಗಳು ಹಿಟ್ಟಿನ ಉಂಡೆಗೆ ಬರುತ್ತವೆ, ಬಳುಕುವ ಹುಳುವಿಗೆ ಸೊಪ್ಪು ಹಾಕುವುದಿಲ್ಲ. ಕೊರಮೀನು ಬೇಟೆಗಾರ ಮೀನು. ಗಾಳಿ ಕುಡಿಯಲು ಮೇಲೆ ಬರುತ್ತದೆ, ಜೊಂಡು ಮತ್ತು ಅಂತರಗಂಗೆಯ ನಡುವೆ ಹೊಂಚು ಹಾಕುತ್ತದೆ, ಮೇಲೆ ಹಾದು ಹೋಗುವ ಕಪ್ಪೆಯ ಮೇಲೆ ಎಗರುತ್ತದೆ. ಟೆಕ್ಸಸ್ಸಿನ ಮರಗಳ ನಡುವೆ ಹುಟ್ಟಿದ ಮೊನೆ ಮುಚ್ಚುವ ಉಪಾಯ ಈ ಜೊಂಡಿಗೂ ಸರಿಹೊಂದುತ್ತದೆ. ಟೊಳ್ಳು ಮೈಯ ಮೆದು ಕಪ್ಪೆಯ ಎರೆಗೆ ದಕ್ಷಿಣ ಭಾರತದಲ್ಲಿ ಬೇಡಿಕೆ ಬಂದದ್ದು ಹೀಗೆ. ಕೇರಳದಲ್ಲಿ ವರಾಲ್ ಎಂದು ಕರೆಯುವ ಇದೇ ಮೀನಿಗಾಗಿ ಕೈಯಿಂದ ಕಪ್ಪೆ ಮಾಡಿ ಮಾರುವವರೂ ಇದ್ದಾರೆ. ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚುವುದಕ್ಕಿಂತ ಇದು ಮೇಲು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಕೊರಮೀನು ತನ್ನ ಮರಿಗಳ ಹಿಂಡನ್ನು ಕಾಯುವ ದಿನಗಳಲ್ಲಿ ಆಹಾರಕ್ಕಲ್ಲದಿದ್ದರೂ ಸಿಟ್ಟಿಗೇ ಎರೆಯನ್ನು ಕಚ್ಚುತ್ತದೆ. ಆಗ ತಾಯ್ತಂದೆಯರನ್ನು ಎತ್ತಿಕೊಂಡರೆ ಕೆಂಪು ಮರಿಗಳ ಇಡೀ ಹಿಂಡು ಉಳಿದ ಮೀನುಗಳ ಪಾಲು. ಆ ದಿನಗಳಲ್ಲಿ ಹಿಡಿದದ್ದನ್ನು ಬಿಡುವ ಗಾಳಗಾರರೂ ಉಂಟು.

ಇಲ್ಲಿನ ಕೆರೆಗಳಿಗೆ ಈಚೆಗೆ ನೀರು ಬರುವ ದಾರಿಯೂ ಬದಲಾಗಿದೆ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ತ್ಯಾಜ್ಯನೀರನ್ನು ಬೆಂಗಳೂರು ನಗರ, ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ 65 ಕೆರೆಗಳಿಗೆ ಹರಿಸುವ ಗುರಿ ಇಟ್ಟುಕೊಂಡರು. ಬರಗಾಲದಲ್ಲಿ ಬಿರುಕು ಬಿಡುತ್ತಿದ್ದ ಅಂಗಳಗಳಲ್ಲಿ ವರ್ಷವಿಡೀ ನೀರು ನಿಂತರೆ ಮೀನೂ ನಿಲ್ಲುತ್ತದೆ, ಅಂತರಗಂಗೆಯೂ ಹಬ್ಬುತ್ತದೆ. ಕೆರೆಯ ಮೀನಿನ ಹಕ್ಕನ್ನು ಸಾಮಾನ್ಯವಾಗಿ ಹರಾಜಿನಲ್ಲಿ ಅಥವಾ ಗುತ್ತಿಗೆಯಲ್ಲಿ ಮೀನುಗಾರರ ಸಹಕಾರ ಸಂಘಗಳಿಗೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಮರಿ ಬಿಟ್ಟು ಕಾಯುವವರು ಅವರು. ಗಾಳಕ್ಕೆ ಸಿಕ್ಕಿಸಿದ್ದು ರಾಗಿಯ ಉಂಡೆಯಾಗಲಿ, ಪ್ಲಾಸ್ಟಿಕ್ಕಿನ ಕಪ್ಪೆಯಾಗಲಿ, ದಡದಲ್ಲಿ ಕೂರುವ ಮುನ್ನ ಅವರನ್ನು ಕೇಳಬೇಕು.