‘ಅಂತ ಅಂದಾ’ ಮತ್ತು ಕೆಂಪು ಗೆರೆ: ಇನ್‌ಡೈರೆಕ್ಟ್ ಸ್ಪೀಚ್ ನಮ್ಮೂರಿಗೆ ಬಂದ ಕಥೆ

ಎಂಟನೇ ತರಗತಿಯ ಇಂಗ್ಲಿಷ್ ಪರೀಕ್ಷೆ. ‘ನಾನು ನಾಳೆ ಬರುತ್ತೇನೆ’ ಎಂಬ ರಾಮನ ಮಾತನ್ನು ಇನ್‌ಡೈರೆಕ್ಟ್ ಸ್ಪೀಚ್‌ಗೆ ಬದಲಿಸಬೇಕಿತ್ತು. ನಾನು ಬರೆದದ್ದು: ‘ರಾಮ ಸೆಡ್ ದ್ಯಾಟ್ ಐ ವಿಲ್ ಕಮ್ ಟುಮಾರೋ.’ ಬರೆಯಬೇಕಿದ್ದದ್ದು: ‘ರಾಮ ಸೆಡ್ ದ್ಯಾಟ್ ಹಿ ವುಡ್ ಕಮ್ ದ ನೆಕ್ಸ್ಟ್ ಡೇ.’ ಕೆಂಪು ಗೆರೆ ಬಿತ್ತು, ಅಂಕ ಸೊನ್ನೆ. ನಾನು ದಡ್ಡ ಅಂತ ಬಹಳ ವರ್ಷ ನಂಬಿದ್ದೆ.

ಈಗ ಅನ್ನಿಸುತ್ತದೆ, ಅದು ದಡ್ಡತನವಲ್ಲ, ಮನೆಯ ಮಾತು.

ಹುಬ್ಬಳ್ಳಿ ಸಂತೆಯಲ್ಲಿ ಕಿವಿ ಕೊಟ್ಟು ಕೇಳಿ. ‘ನಾಳೆ ರೊಕ್ಕಾ ಕೊಡ್ತೇನಿ ಅಂತ ಅಂದಾನ’ ಅನ್ನುತ್ತೇವೆ. ಆಡಿದವನ ಮಾತು ಆಡಿದ ಹಾಗೇ ಉಳಿಯುತ್ತದೆ, ಕೊನೆಗೆ ‘ಅಂತ’ ಸೇರಿದರೆ ಸಾಕು. ಬರಹದಲ್ಲಿ ಇದೇ ‘ಎಂದು’. ಓಲೆಗರಿಯ ಕಾಲದಲ್ಲಿ ಉದ್ಧರಣ ಚಿಹ್ನೆ ಇರಲಿಲ್ಲ, ಅದು ಅಚ್ಚಿನ ಜೊತೆ ಬಂದದ್ದು. ಒಬ್ಬರ ಮಾತು ಎಲ್ಲಿ ಮುಗಿಯಿತು ಎಂದು ತೋರಿಸುವ ಕೆಲಸವನ್ನು ‘ಎಂದು’ ಮಾಡುತ್ತಿತ್ತು.

ಇಂಗ್ಲಿಷಿನ ದಾರಿ ಬೇರೆ. ಅಲ್ಲಿ ಹೇಳುವವನು ಬದಲಾದರೆ ‘ನಾನು’ ‘ಅವನು’ ಆಗಬೇಕು, ಕಾಲ ಹಿಂದೆ ಸರಿಯಬೇಕು, ‘ನಾಳೆ’ ‘ಮರುದಿನ’ ಆಗಬೇಕು.

ಈ ನಿಯಮ ನಮ್ಮ ಕಡೆ ಬಂದದ್ದು ಮುಂಬೈ ಪ್ರಾಂತ್ಯದ ಶಾಲೆಗಳ ಮೂಲಕ. ಪೇಶ್ವೆಗಳ ಆಳ್ವಿಕೆ 1818ರಲ್ಲಿ ಮುಗಿದ ಮೇಲೆ ಧಾರವಾಡ ಆ ಪ್ರಾಂತ್ಯಕ್ಕೆ ಸೇರಿತು. ಇದೇ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ದುಡಿದವರು ಪಿ.ಸಿ. ರೆನ್. ಮುಂದೆ ‘ಬೋ ಜೆಸ್ಟ್’ ಕಾದಂಬರಿ ಬರೆದವರೂ ಅವರೇ. 1930ರ ದಶಕದಲ್ಲಿ ಎಚ್. ಮಾರ್ಟಿನ್ ಜೊತೆ ಅವರು ಹೊರತಂದ ವ್ಯಾಕರಣ ‘ರೆನ್ ಅಂಡ್ ಮಾರ್ಟಿನ್’ ಎಂದೇ ಹೆಸರಾಯಿತು. ಅದರಲ್ಲಿ ಡೈರೆಕ್ಟ್-ಇನ್‌ಡೈರೆಕ್ಟ್ ಸ್ಪೀಚ್‌ಗೆ ಒಂದು ಅಧ್ಯಾಯವೇ ಇದೆ.

1948ರಲ್ಲಿ ಮುಂಬೈ ಸರ್ಕಾರ ಇಂಗ್ಲಿಷನ್ನು ಎಂಟನೇ ತರಗತಿಯಿಂದ ಕಲಿಸಲು ನಿರ್ಧರಿಸಿತು. ಆಗ ಅಲ್ಲಿ ಮೆಟ್ರಿಕ್ ಹನ್ನೊಂದನೇ ತರಗತಿಗೆ. ಅಕ್ಷರಮಾಲೆಯಿಂದ ಇನ್‌ಡೈರೆಕ್ಟ್ ಸ್ಪೀಚ್‌ವರೆಗೆ ಬರೀ ನಾಲ್ಕು ವರ್ಷ! 1956ರಲ್ಲಿ ಧಾರವಾಡ ಮೈಸೂರು ರಾಜ್ಯಕ್ಕೆ ಬಂತು. ಒಂದನೇ ತರಗತಿಯಿಂದ ಸರ್ಕಾರಿ ಶಾಲೆಗಳಿಗೆ ಇಂಗ್ಲಿಷ್ ಬಂದದ್ದು 2007ರ ಹೊತ್ತಿಗೆ. ಕಲಿಯುವ ವರ್ಷ ಹೆಚ್ಚಾದವು. ನನ್ನಂತಹ ತಪ್ಪು ಮಾತ್ರ ಈಗಲೂ ಮಕ್ಕಳ ಪಟ್ಟಿಯಲ್ಲಿ ಕಾಣುತ್ತದೆ.

ಹಾಗಂತ ಇಂಗ್ಲಿಷಿನ ಪದ್ಧತಿ ಬರೀ ಕಾಟವಲ್ಲ. ‘ನಾನು ಕಳ್ಳ ಅಂತ ಬಸ್ಯಾ ಅಂದಾ’ ಎಂದರೆ ಕಳ್ಳ ಯಾರು? ಬಸ್ಯಾನೋ, ಸುದ್ದಿ ಹೇಳುತ್ತಿರುವ ನಾನೋ? ವರದಿಗಾರನಿಗೆ ಇದು ಆಟವಲ್ಲ. ಒಂದು ‘ನಾನು’ ತಪ್ಪಿದರೆ ಒಬ್ಬರ ಮಾನ ಹೋಗುತ್ತದೆ. ಅದಕ್ಕೇ ಪತ್ರಿಕೆಗಳು ‘ತಾನು ಬರುವುದಾಗಿ ಅವರು ಹೇಳಿದರು’ ಎಂದು ಬರೆಯುತ್ತವೆ. ಈ ‘ತಾನು’, ‘ಬರುವುದಾಗಿ’ ಎರಡೂ ನಮ್ಮ ಕನ್ನಡದವೇ.

ಮಾಸ್ತರರು ಇಲ್ಲಿಂದ ಪಾಠ ಶುರು ಮಾಡಬಹುದು. ‘ನಾಳೆ ಕೊಡ್ತೇನಿ ಅಂದಿದ್ದ’ ಎಂಬ ಮಾತನ್ನು ವಾರ ಬಿಟ್ಟು ಹೇಳಿದರೆ ಆ ‘ನಾಳೆ’ ಯಾವತ್ತು ಅಂತ ಮಕ್ಕಳನ್ನು ಕೇಳಲಿ. ಸಾಲ ಕೊಟ್ಟವರ ಮನೆಯ ಮಕ್ಕಳು ತಟ್ಟನೆ ಉತ್ತರ ಹೇಳುತ್ತಾರೆ. ಕೆಂಪು ಗೆರೆ ಆಮೇಲೆ ಎಳೆದರಾಯಿತು.